ತೂಕದ ಯಂತ್ರಕ್ಕೆ ತಿಳಿಯದ ನೀರು

ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಿಂದ ಸೋಸುವ ಹಿಮೋಡಯಾಲಿಸಿಸ್‌ಗೆ ಬಂದ ರೋಗಿಯನ್ನು ಯಂತ್ರಕ್ಕೆ ಜೋಡಿಸುವ ಮುನ್ನ ತೂಕ ನೋಡುತ್ತಾರೆ. ಹಿಂದಿನ ಸರದಿ ಮುಗಿದಾಗ 58 ಕಿಲೋ ಇದ್ದವರು ಈಗ 60.5 ಕಿಲೋ ಇದ್ದರೆ, ಹೆಚ್ಚಾದ ಎರಡೂವರೆ ಕಿಲೋವೂ ನೀರೇ ಎಂದು ಎಣಿಸಿ, ನಾಲ್ಕು ಗಂಟೆಗಳಲ್ಲಿ ಎರಡೂವರೆ ಲೀಟರ್ ತೆಗೆಯುವಂತೆ ಯಂತ್ರವನ್ನು ಹೊಂದಿಸುತ್ತಾರೆ. ಎರಡು ದಿನಗಳ ಮಟ್ಟಿಗೆ ಈ ಲೆಕ್ಕದಲ್ಲಿ ತಪ್ಪಿಲ್ಲ. ಅಷ್ಟರಲ್ಲಿ ಯಾರ ಮೈಯಲ್ಲೂ ಎರಡೂವರೆ ಕಿಲೋ ಮಾಂಸವಾಗಲಿ ಕೊಬ್ಬಾಗಲಿ ಬೆಳೆಯುವುದಿಲ್ಲ. ಆದರೆ ಆ 58 ಕಿಲೋ, ಅಂದರೆ ಹೆಚ್ಚುವರಿ ನೀರೆಲ್ಲ ಹೋದ ಮೇಲೆ ಉಳಿಯಬೇಕಾದ ‘ಡ್ರೈ ವೇಟ್’, ಆರು ತಿಂಗಳ ಹಿಂದೆ ಗೊತ್ತುಮಾಡಿದ್ದಾದರೆ ಅದನ್ನು ಇಂದಿಗೂ ನಂಬಬಹುದೇ ಎಂಬುದು ಬೇರೆಯೇ ಪ್ರಶ್ನೆ. ತೂಕದ ಯಂತ್ರವು ನೀರನ್ನೂ ಸ್ನಾಯುವನ್ನೂ ಕೂಡಿಸಿ ಒಂದೇ ಅಂಕಿಯನ್ನು ತೋರಿಸುತ್ತದೆ. ರೋಗಿಯ ಕಾಲಿನ ಬಲ ಕುಗ್ಗುತ್ತಿರುವುದಕ್ಕೂ ಮೈಯಲ್ಲಿ ನೀರು ನಿಲ್ಲುತ್ತಿರುವುದಕ್ಕೂ ಇರುವ ನಂಟು ಮರೆಯಾಗುವುದು ಆ ಒಂದು ಅಂಕಿಯಲ್ಲಿಯೇ.

70 ಕಿಲೋ ತೂಕದ ಪುರುಷನ ದೇಹದಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ ಸುಮಾರು 28 ಲೀಟರ್ ಜೀವಕೋಶಗಳ ಒಳಗಿದ್ದರೆ, 14 ಲೀಟರ್ ಹೊರಗಿರುತ್ತದೆ. ಹೊರಗಿನ ಈ ಪಾಲಿನಲ್ಲೂ ರಕ್ತದ ದ್ರವಭಾಗವಾದ ಪ್ಲಾಸ್ಮಾ ಆಗಿ ಹರಿಯುವುದು ಸುಮಾರು ಮೂರು ಲೀಟರ್ ಮಾತ್ರ. ಉಳಿದ ಹನ್ನೊಂದು ಲೀಟರ್ ಕೋಶಗಳ ನಡುವಿನ ಸಂದುಗಳಲ್ಲಿ ನೆಲೆಸಿರುತ್ತದೆ. ಮೂತ್ರಪಿಂಡಗಳು ಸೋತಾಗ ನೀರು ಹೆಚ್ಚುವುದು ಮುಖ್ಯವಾಗಿ ಈ ಹೊರಗಿನ ಭಾಗದಲ್ಲಿ, ಅದಕ್ಕೆ ಕಾರಣ ಉಪ್ಪು. ಸೋಡಿಯಂ ಕೋಶಗಳ ಹೊರಗೇ ಉಳಿಯುವ ಲವಣವಾದ್ದರಿಂದ ಅದು ಸೆಳೆದ ನೀರೂ ಹೊರಗೇ ಉಳಿಯುತ್ತದೆ. ಸುಮಾರು 9 ಗ್ರಾಂ ಉಪ್ಪಿಗೆ ಒಂದು ಲೀಟರ್ ನೀರು ಎಂಬ ಲೆಕ್ಕವನ್ನು ದೇಹ ತಪ್ಪದೆ ಪಾಲಿಸುತ್ತದೆ. ಉಪ್ಪು ತಿಂದವರಲ್ಲಿ ರಕ್ತದ ಸೋಡಿಯಂ ಸಾಂದ್ರತೆ ತುಸು ಏರಿದೊಡನೆ ಮೆದುಳು ದಾಹವನ್ನು ಕೆರಳಿಸುತ್ತದೆ, ಆ ಸಾಂದ್ರತೆ ಇಳಿಯುವವರೆಗೆ ಕುಡಿಸುತ್ತದೆ. ಹೀಗಿರುವಾಗ ಉಪ್ಪಿನ ಮಾತೆತ್ತದೆ ‘ನೀರು ಕಡಿಮೆ ಕುಡಿಯಿರಿ’ ಎಂದಷ್ಟೇ ಹೇಳುವುದು ರೋಗಿಯನ್ನು ಅವನ ಮೆದುಳಿನ ವಿರುದ್ಧವೇ ಹೋರಾಟಕ್ಕಿಳಿಸಿದಂತೆ. ಧಾರಾಳವಾಗಿ ನೀರು ಕುಡಿದರೆ ಮೂತ್ರಪಿಂಡ ತೊಳೆದು ಶುದ್ಧವಾಗುತ್ತದೆ ಎಂಬ ಜನಪ್ರಿಯ ನಂಬಿಕೆಯಂತೂ ಮೂತ್ರವೇ ನಿಂತುಹೋದವರ ಪಾಲಿಗೆ ಅಪಾಯಕಾರಿ, ಏಕೆಂದರೆ ಹಾಗೆ ಕುಡಿದ ನೀರು ಕಡೆಗೆ ಸೇರುವುದು ಕಾಲುಗಳನ್ನು ಮತ್ತು ಶ್ವಾಸಕೋಶಗಳನ್ನು.

ಆರೋಗ್ಯವಂತ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುಪಾಲನ್ನು ಹಿಂದಕ್ಕೆ ಹೀರಿ, ಒಂದೆರಡು ಲೀಟರ್‌ಗಳಷ್ಟನ್ನು ಮಾತ್ರ ಹೊರಹಾಕುತ್ತವೆ; ಹಗಲಿರುಳೂ ನಡೆಯುವ ಕೆಲಸವದು. ವಾರಕ್ಕೆ ಮೂರು ಬಾರಿ ನಾಲ್ಕು ಗಂಟೆಗಳ ಡಯಾಲಿಸಿಸ್ ಎಂದರೆ 168 ಗಂಟೆಗಳಲ್ಲಿ 12 ಗಂಟೆ. ಯಂತ್ರ ನೇರವಾಗಿ ನೀರು ತೆಗೆಯಬಲ್ಲದ್ದೂ ಪ್ಲಾಸ್ಮಾದ ಆ ಮೂರು ಲೀಟರ್‌ನಿಂದ ಮಾತ್ರ. ಹಾಗಾದರೆ ಎರಡೂವರೆ ಲೀಟರ್ ತೆಗೆದ ಮೇಲೂ ರೋಗಿ ಬದುಕಿ ಉಳಿಯುವುದು ಹೇಗೆ? ಇದಕ್ಕೆ ಬೇಕಾದ ಉತ್ತರವನ್ನು ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲೇ, ಡಯಾಲಿಸಿಸ್ ಯಂತ್ರದ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಒದಗಿಸಿದ್ದ. ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳೊಳಗಿನ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ, ರಕ್ತದ ಪ್ರೋಟೀನ್‌ಗಳು, ಮುಖ್ಯವಾಗಿ ಅಲ್ಬುಮಿನ್, ಅದನ್ನು ಒಳಕ್ಕೆ ಸೆಳೆಯುತ್ತವೆ. ಯಂತ್ರ ಪ್ಲಾಸ್ಮಾದಿಂದ ನೀರು ತೆಗೆದಂತೆಲ್ಲ ಒಳಗಿನ ಒತ್ತಡ ಇಳಿದು, ಪ್ರೋಟೀನ್‌ಗಳ ಸಾಂದ್ರತೆ ಏರಿ, ಸಂದುಗಳಲ್ಲಿದ್ದ ನೀರು ರಕ್ತನಾಳಕ್ಕೆ ಮರಳುತ್ತದೆ. ಬಾವಿಯಲ್ಲಿ ಒರತೆ ಊರುವುದಕ್ಕಿಂತ ವೇಗವಾಗಿ ಸೇದಿದರೆ ಸುತ್ತಲ ನೆಲದಲ್ಲಿ ಎಷ್ಟೇ ತೇವವಿದ್ದರೂ ತಳ ಕಾಣುತ್ತದೆ. ಇಲ್ಲೂ ಹಾಗೆಯೇ: ಅಲ್ಬುಮಿನ್ ಕಡಿಮೆಯಿರುವ ರೋಗಿಯ ಪಾದಗಳು ಊದಿಕೊಂಡಿರುವಾಗಲೇ ಅವನ ರಕ್ತದೊತ್ತಡ ಕುಸಿಯಬಹುದು. ಗಂಟೆಗೆ, ತೂಕದ ಪ್ರತಿ ಕಿಲೋಗೆ, 13 ಮಿಲಿಲೀಟರ್‌ಗಿಂತ ವೇಗವಾಗಿ ನೀರು ತೆಗೆಸಿಕೊಂಡವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. 60 ಕಿಲೋ ತೂಕದವರಿಗೆ ಇದು ನಾಲ್ಕು ಗಂಟೆಗಳಲ್ಲಿ ಸುಮಾರು ಮೂರು ಲೀಟರ್ ಆಗುತ್ತದೆ. ಅವಸರದ ಸೆಳೆತಕ್ಕೆ ಹೃದಯದ ಸ್ನಾಯುವಿಗೂ ರಕ್ತ ಸಾಲದಾಗುತ್ತದೆ, ಡಯಾಲಿಸಿಸ್ ಮುಗಿಸಿ ಮನೆಗೆ ಹೋದವರು ದಿನವೆಲ್ಲ ಏಳಲಾರದೆ ಮಲಗುವುದಕ್ಕೆ ಇದೂ ಒಂದು ಕಾರಣ.

ನೀರು ತೆಗೆಯುವ ವಿದ್ಯೆ ಡಯಾಲಿಸಿಸ್‌ಗೆ ಹುಟ್ಟಿನಿಂದಲೇ ಬಂದದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಾಜಿ ಆಕ್ರಮಣದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಕಾಂಪೆನ್ ಪಟ್ಟಣದಲ್ಲಿ 1943ರಲ್ಲಿ ವೈದ್ಯ ವಿಲ್ಲೆಮ್ ಕೋಲ್ಫ್ ಡಯಾಲಿಸಿಸ್‌ಗೆ ಬಳಸಿದ, ಸೆಲೋಫೇನ್ ನಳಿಕೆ ಸುತ್ತಿದ ತಿರುಗುವ ಪೀಪಾಯಿ ರಕ್ತದ ಕಲ್ಮಷವಾದ ಯೂರಿಯಾವನ್ನು ತೆಗೆಯುತ್ತಿತ್ತೇ ಹೊರತು, ಒತ್ತಡ ಹಾಕಿ ಬೇಕಾದಷ್ಟು ನೀರು ಹಿಂಡುವುದು ಅದರಲ್ಲಿ ಸಾಧ್ಯವಿರಲಿಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ನಿಲ್ಸ್ ಆಲ್ವಾಲ್ 1940ರ ದಶಕದಲ್ಲಿ ಆ ನಳಿಕೆಯನ್ನು ಭದ್ರವಾದ ಜಾಲರಿಗಳ ನಡುವೆ ಬಿಗಿದು ಮುಚ್ಚಿದ ಪಾತ್ರೆಯಲ್ಲಿಟ್ಟ ಮೇಲೆಯೇ ನೀರು ತೆಗೆಯುವುದು ವೈದ್ಯರ ಹಿಡಿತಕ್ಕೆ ಬಂದಿತು. ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ತೋಳಿನ ರಕ್ತನಾಳಗಳಿಗೆ ಟೆಫ್ಲಾನ್ ಕೊಳವೆ ಜೋಡಿಸಿ ಮತ್ತೆ ಮತ್ತೆ ಡಯಾಲಿಸಿಸ್ ಮಾಡಲು ದಾರಿ ತೆರೆದ ನಂತರ, ರೋಗಿಗಳು ವರ್ಷಗಟ್ಟಲೆ ಬದುಕತೊಡಗಿದರು. ಸ್ನಾಯು ಕರಗುವುದು ಒಂದು ಸಮಸ್ಯೆಯಾಗಿ ಕಾಣಿಸಿಕೊಳ್ಳಲು ಮೊದಲು ಅಷ್ಟು ದಿನ ಬದುಕಬೇಕಲ್ಲ!

ಸ್ನಾಯುವಿನ ಮುಕ್ಕಾಲು ಪಾಲು ನೀರು, ಅದರಲ್ಲಿ ಹೆಚ್ಚಿನದು ಕೋಶಗಳ ಒಳಗಿನದು. ಡಯಾಲಿಸಿಸ್‌ನಲ್ಲಿರುವವರ ಸ್ನಾಯುವನ್ನು ಹಲವು ಶಕ್ತಿಗಳು ಒಟ್ಟಿಗೆ ಕರಗಿಸುತ್ತವೆ: ರಕ್ತದ ಆಮ್ಲೀಯತೆ, ಆರದ ಉರಿಯೂತ, ಪ್ರತಿ ಸರದಿಯಲ್ಲೂ ಸೋರಿಹೋಗುವ ಅಮೈನೋ ಆಮ್ಲಗಳು, ಹಸಿವಿಲ್ಲದಿರುವುದು, ಚಲನೆಯಿಲ್ಲದಿರುವುದು. ಆರು ತಿಂಗಳಲ್ಲಿ ಎರಡು ಕಿಲೋ ಸ್ನಾಯು ಹೋಗಿ ಆ ಜಾಗದಲ್ಲಿ ಎರಡು ಲೀಟರ್ ನೀರು ಕೋಶಗಳ ಹೊರಗೆ ಸೇರಿಕೊಂಡರೆ ತೂಕ 58 ಕಿಲೋ ಆಗಿಯೇ ಉಳಿಯುತ್ತದೆ. ಎಲ್ಲರೂ ನೆಮ್ಮದಿಯಾಗಿರುತ್ತಾರೆ, ರೋಗಿಯೊಬ್ಬನನ್ನು ಬಿಟ್ಟು. ಊತ ಕಂಡರೆ ಗೊತ್ತಾಗದೇ ಎಂದು ಕೇಳಬಹುದು. ಆದರೆ ಕಾಲನ್ನು ಒತ್ತಿದಾಗ ಗುಳಿ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಒಂದೆರಡು ಲೀಟರ್ ಆಗಲೇ ಸೇರಿಕೊಂಡಿರುತ್ತದೆ.

ಈ ಅದಲುಬದಲನ್ನು ಹಿಡಿಯುವ ಉಪಾಯವೊಂದು ನನಗೆ ಬಹಳ ಇಷ್ಟವಾದದ್ದು: ದೇಹದ ಮೂಲಕ, ಅರಿವಿಗೇ ಬಾರದಷ್ಟು ದುರ್ಬಲವಾದ, ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತನ್ನು (ಎ.ಸಿ.) ಹಾಯಿಸಿ, ಅದಕ್ಕೆ ಎದುರಾಗುವ ಪ್ರತಿರೋಧವನ್ನು ಅಳೆಯುವ ಬಯೋಇಂಪೀಡೆನ್ಸ್. ಸುಮಾರು 5 ಕಿಲೋಹರ್ಟ್ಸ್‌ನಂತಹ ಕಡಿಮೆ ಆವರ್ತನದಲ್ಲಿ ಕೋಶಪೊರೆಯ ಕೊಬ್ಬು ವಿದ್ಯುತ್ತನ್ನು ತಡೆಯುವುದರಿಂದ ಅದು ಕೋಶಗಳೊಳಗೆ ಹೋಗದೆ ಸುತ್ತುಹಾಕಿ ಹೊರಗಿನ ನೀರಿನಲ್ಲಷ್ಟೇ ಸಾಗುತ್ತದೆ. ಆವರ್ತನ 1,000 ಕಿಲೋಹರ್ಟ್ಸ್ ಮುಟ್ಟುವಷ್ಟರಲ್ಲಿ ಪೊರೆಯ ತಡೆ ನೆಪಮಾತ್ರವಾಗಿ, ವಿದ್ಯುತ್ತು ಒಳಗೂ ಹೊರಗೂ ನುಗ್ಗುತ್ತದೆ. ಮೊದಲಿನದು ಹೊರಗಿನ ನೀರಿನ ಅಂದಾಜು, ಎರಡನೆಯದು ಒಟ್ಟು ನೀರಿನ ಅಂದಾಜು. ಕಳೆದರೆ ಉಳಿಯುವುದು ಕೋಶದೊಳಗಿನ ನೀರು. ಒಳಗಿನ ನೀರಿಗೆ ಹೋಲಿಸಿದರೆ ಹೊರಗಿನದು ಹೆಚ್ಚಿರುವವರಲ್ಲಿ ಕೈಹಿಡಿತದ ಬಲ ಕಡಿಮೆಯೆಂದೂ ನಡಿಗೆ ನಿಧಾನವೆಂದೂ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಇಲ್ಲೊಂದು ಎಚ್ಚರ ಬೇಕು: ಅನುಪಾತ ಏರುವುದಕ್ಕೆ ಹೊರಗೆ ನೀರು ಹೆಚ್ಚಿದ್ದೂ ಕಾರಣವಿರಬಹುದು, ಒಳಗೆ ಸ್ನಾಯು ಕರಗಿದ್ದೂ ಕಾರಣವಿರಬಹುದು. ಎರಡನೆಯ ಕಾರಣವಿದ್ದಾಗ ನೀರನ್ನಷ್ಟೇ ಹಿಂಡಿದರೆ ಬಲ ಬರುವುದಿಲ್ಲ. ಎರಡೂ ಒಂದನ್ನೊಂದು ಬೆಳೆಸಬಲ್ಲವು ಎಂಬುದು ಇನ್ನಷ್ಟು ತೊಡಕಿನ ಸಂಗತಿ. ಕರುಳಿನ ಗೋಡೆ ಊದಿದಾಗ ಹಸಿವು ಕುಂದುತ್ತದೆ, ಶ್ವಾಸಕೋಶದಲ್ಲಿ ನೀರು ನಿಂತಾಗ ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ, ತಿನ್ನದೆ ನಡೆಯದೆ ಉಳಿದವರ ಸ್ನಾಯು ಮತ್ತಷ್ಟು ಕರಗುತ್ತದೆ.

ಆದ್ದರಿಂದಲೇ ದೇಹಬಲದ ಸರಳ ಪರೀಕ್ಷೆಗಳಿಗೆ, ಅಂದರೆ ಕುರ್ಚಿಯಿಂದ ಕೈಯೂರದೆ ಐದು ಬಾರಿ ಏಳುವುದು, ನಾಲ್ಕು ಮೀಟರ್ ನಡೆಯಲು ಹಿಡಿಯುವ ಸಮಯ, ಕೈಹಿಡಿತ, ಇವಕ್ಕೆ ಡಯಾಲಿಸಿಸ್ ಘಟಕಗಳಲ್ಲಿ ತೂಕದಷ್ಟೇ ಮಹತ್ವ ಸಿಗಬೇಕೆಂದು ನನಗನಿಸುತ್ತದೆ. ತೂಕ ಬದಲಾಗದೆ ನಡಿಗೆ ನಿಧಾನವಾಗುತ್ತಿದ್ದರೆ ಡ್ರೈ ವೇಟ್ ಇಳಿಸಬೇಕೇ ಎಂದು ಯೋಚಿಸಲು ಅದೇ ಸಾಕಾದ ಕಾರಣ. ಮನೆಯವರು ಅಕ್ಕರೆಯಿಂದ ಹೇರುವ ‘ಸಂಪೂರ್ಣ ವಿಶ್ರಾಂತಿ’ ಮಾತ್ರ ಬಹುತೇಕ ರೋಗಿಗಳಿಗೆ ಕೇಡನ್ನೇ ಮಾಡುತ್ತದೆ. ಡಯಾಲಿಸಿಸ್‌ಗೆ ಮುನ್ನ ವೈದ್ಯರು ವಿಧಿಸಿದ್ದ, ಪ್ರೋಟೀನ್ ಕಡಿಮೆ ತಿನ್ನುವ ಪಥ್ಯವನ್ನು ಅನಂತರವೂ ಮುಂದುವರಿಸುವುದೂ ಅಂಥದ್ದೇ. ಈಗ ಅವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತವೆ ಇಂದಿನ ಮಾರ್ಗಸೂಚಿಗಳು. ವೈದ್ಯರ ಒಪ್ಪಿಗೆಯಿದ್ದರೆ ಯಂತ್ರಕ್ಕೆ ಜೋಡಿಸಿರುವಾಗಲೇ ಕಾಲಿನಿಂದ ಪೆಡಲ್ ತುಳಿಯುವ ವ್ಯಾಯಾಮವನ್ನೂ ಮಾಡಿಸಬಹುದು. ಸಾಮಾನ್ಯವಾಗಿ ಅದನ್ನು ಮೊದಲ ಎರಡು ಗಂಟೆಗಳಲ್ಲೇ ಮುಗಿಸುತ್ತಾರೆ, ಏಕೆಂದರೆ ಅನಂತರ ಸಾಕಷ್ಟು ನೀರು ಹೋಗಿ ರಕ್ತದೊತ್ತಡ ಕುಸಿಯುವ ಸಂಭವ ಹೆಚ್ಚು.

ಹೀಗೆ ತಿಂದು, ತುಳಿದು ಚೇತರಿಸಿಕೊಂಡವರಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಸ್ನಾಯು ಬೆಳೆದು ನಿಜವಾದ ತೂಕ 59 ಕಿಲೋ ಆಗಿದ್ದರೂ ಕಡತದಲ್ಲಿ 58 ಎಂದೇ ಇದ್ದರೆ, ಯಂತ್ರ ಪ್ರತಿ ಸರದಿಯಲ್ಲೂ ದೇಹಕ್ಕೆ ಬೇಕಾದ ನೀರನ್ನೇ ಒಂದು ಲೀಟರ್ ಹೆಚ್ಚಾಗಿ ತೆಗೆಯುತ್ತದೆ. ಕೊನೆಯ ಗಂಟೆಯಲ್ಲಿ ಮೀನಖಂಡ ಸೆಟೆದುಕೊಳ್ಳುವುದು, ತಲೆ ಸುತ್ತುವುದು, ಧ್ವನಿ ಕುಗ್ಗುವುದು ಸರದಿಯಿಂದ ಸರದಿಗೆ ಮರುಕಳಿಸುತ್ತಿದ್ದರೆ ಡ್ರೈ ವೇಟನ್ನು ಏರಿಸಬೇಕೇ ಎಂದು ವೈದ್ಯರು ಪರಿಶೀಲಿಸುವುದು ಇದಕ್ಕಾಗಿಯೇ.