ಮೆಕ್ಯಾನಿಕಲ್ ಬ್ಯಾಕಪ್ ಅಂದ್ರೆ ಏನು?

ಏರ್‌ಬಸ್ ಎ320 ವಿಮಾನದಲ್ಲಿ ಪೈಲಟ್ ಹಿಡಿಯುವ ಸೈಡ್‌ಸ್ಟಿಕ್‌ಗೂ ರೆಕ್ಕೆಗೂ ನಡುವೆ ಕೇಬಲ್ ಇಲ್ಲ. ಸ್ಟಿಕ್ ಅಲುಗಿಸಿದರೆ ಸುದ್ದಿ ಕಂಪ್ಯೂಟರ್‌ಗೆ ಹೋಗುತ್ತದೆ. ಅದು ಲೆಕ್ಕ ಹಾಕಿ ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುತ್ತದೆ. ಇದೇ ಫ್ಲೈ-ಬೈ-ವೈರ್. ಆ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಕೈಕೊಟ್ಟರೆ? ಆಗ ಉಳಿಯುವ ದಾರಿಯೇ ಮೆಕ್ಯಾನಿಕಲ್ ಬ್ಯಾಕಪ್.

ಒಂದೆರಡು ಕೆಟ್ಟ ಮಾತ್ರಕ್ಕೆ ಈ ಸ್ಥಿತಿ ಬರೋದಿಲ್ಲ. ಸ್ಟಿಕ್‌ನ ಮಾತು ಕೇಳುವ ಕಂಪ್ಯೂಟರ್‌ಗಳೇ 5 ಇವೆ. ನಾರ್ಮಲ್ ಲಾ, ಆಲ್ಟರ್ನೇಟ್ ಲಾ, ಡೈರೆಕ್ಟ್ ಲಾ ಎಂಬ ಹಂತಗಳಲ್ಲಿ ಅವುಗಳ ನೆರವು ಮೆಟ್ಟಿಲು ಮೆಟ್ಟಿಲಾಗಿ ಕಡಿಮೆಯಾಗುತ್ತದೆ. ಮೆಕ್ಯಾನಿಕಲ್ ಬ್ಯಾಕಪ್ ಕಟ್ಟಕಡೆಯ ಮೆಟ್ಟಿಲು. ಅಲ್ಲಿಗಿಳಿದಾಗ ಪರದೆಯ ಮೇಲೆ ಕೆಂಪಕ್ಷರ ಮೂಡುತ್ತದೆ: 'ಮ್ಯಾನ್ ಪಿಚ್ ಟ್ರಿಮ್ ಓನ್ಲಿ'. ಅಂದರೆ, ಮೂಗು ಏಳಿಸಲು ಇಳಿಸಲು ಇನ್ನು ಟ್ರಿಮ್ ಚಕ್ರವೇ ಗತಿ.

ಈ ಚಕ್ರ ಪೈಲಟ್‌ಗಳಿಬ್ಬರ ನಡುವೆ, ಎಂಜಿನ್ ಬಲ ಹೆಚ್ಚು ಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳ ಪಕ್ಕದಲ್ಲೇ ಇದೆ. ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಬಾಲದ ಅಡ್ಡರೆಕ್ಕೆ ಓರೆಯಾಗಿ ಮೂಗು ಏಳುತ್ತದೆ. ಆದರೆ ತಕ್ಷಣ ಅಲ್ಲ. ಸ್ವಲ್ಪ ತಿರುಗಿಸಬೇಕು, ಕಾಯಬೇಕು, ಆಮೇಲೆ ಮತ್ತೆ ಸ್ವಲ್ಪ. ಅವಸರಪಟ್ಟರೆ ಮೂಗು ಜಾಸ್ತಿಯೇ ಎದ್ದುಬಿಡುತ್ತದೆ.

ಪಕ್ಕಕ್ಕೆ ತಿರುಗಲು ಕಾಲ ಕೆಳಗಿನ ರಡರ್ ಪೆಡಲ್. ರಡರ್ ಅಂದರೆ ಬಾಲದ ನೆಟ್ಟಗಿನ ರೆಕ್ಕೆಯ ಪಟ್ಟಿ. ಎಡ ಪೆಡಲ್ ಒತ್ತಿದರೆ ಮೂಗು ಎಡಕ್ಕೆ ಹೊರಳುತ್ತದೆ. ಬಲ ರೆಕ್ಕೆ ಗಾಳಿಯನ್ನು ವೇಗವಾಗಿ ಸೀಳಿ ಮೇಲೇಳುತ್ತದೆ. ಆಗ ವಿಮಾನ ಎಡಕ್ಕೆ ವಾಲುತ್ತದೆ. ಇದೂ ನಿಧಾನವೇ, ಹಾಗಾಗಿ ಬೇಕಾದಷ್ಟು ವಾಲುವ ಮೊದಲೇ ಪೆಡಲ್ ಸಡಿಲಿಸಬೇಕು.

ಮೂಲ ವಿನ್ಯಾಸದಲ್ಲಿ ಇವೆರಡಕ್ಕೂ ಬಾಲದವರೆಗೆ ಕೇಬಲ್ ಇದೆ. ಆದರೂ ಒಂದು ಮಾತು ಮರೆಯಬಾರದು. ಕೇಬಲ್ ಹುಕುಂ ಒಯ್ಯುತ್ತದೆ ಅಷ್ಟೆ, ಬಾಲವನ್ನು ತಳ್ಳುವ ಬಲ ಹೈಡ್ರಾಲಿಕ್ಸ್‌ನದು, ಅಂದರೆ ಒತ್ತಡದ ದ್ರವದಿಂದ ನಡೆಯುವ ವ್ಯವಸ್ಥೆಯದು. ಅದೂ ಹೋದರೆ ಚಕ್ರ ಇದ್ದೂ ಪ್ರಯೋಜನವಿಲ್ಲ.

ಇದನ್ನು ಮಾಡಿಟ್ಟದ್ದು ವಿಮಾನ ಇಳಿಸೋದಕ್ಕಲ್ಲ. ಕಂಪ್ಯೂಟರ್‌ಗಳು ಮತ್ತೆ ಎಚ್ಚರಗೊಳ್ಳುವ ತನಕ ವಿಮಾನ ಬೀಳದ ಹಾಗೆ ನೋಡಿಕೊಳ್ಳೋದಕ್ಕೆ. ಆದರೆ 2018ರ ಫೆಬ್ರವರಿ 28ರಂದು ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಒಂದು ಎ320 ವಿಮಾನವನ್ನು ಹೀಗೆ ಇಳಿಸಲೇಬೇಕಾಗಿ ಬಂತು. ರನ್‌ವೇ ಮುಟ್ಟಿ ಮತ್ತೆ ಹಾರುವ ತರಬೇತಿ ನಡೆದಿತ್ತು. ಮೂಗೇಳಿಸುವ ಕಂಪ್ಯೂಟರ್‌ಗಳೆಲ್ಲ ಕೈಬಿಟ್ಟವು. ಸ್ಟಿಕ್ ಎಳೆದರೆ, ಜಪ್ಪಯ್ಯ ಅಂದರೂ ಮೂಗು ಏಳದು. ವಿಮಾನ ರನ್‌ವೇಗೆ ಅಪ್ಪಳಿಸಿ, ಎಂಜಿನ್‌ಗೂ ಪೆಟ್ಟಾಗಿ, ಹೇಗೋ ಮೇಲೇರಿತು. ಮುಂದೆ ಮೂಗು ಏಳಿಸಲು ಇಳಿಸಲು ಟ್ರಿಮ್ ಚಕ್ರ ಮತ್ತು ಎಂಜಿನ್ ಬಲವನ್ನೇ ನೆಚ್ಚಿಕೊಂಡು ಪೈಲಟ್‌ಗಳು ತಿರುಗಿ ಬಂದರು. ರನ್‌ವೇಗೆ ಸುಮಾರು 150 ಮೀಟರ್ ಮೊದಲೇ ವಿಮಾನ ನೆಲ ಮುಟ್ಟಿತು. ಒಳಗಿದ್ದ 7 ಮಂದಿಯೂ ಬದುಕಿದರು.