ಹಿಮ ಬಿದ್ದರೆ ಸಾಕೇ?

1998ರ ಫೆಬ್ರುವರಿ. ಜಪಾನಿನ ನಗಾನೊದಲ್ಲಿ ಚಳಿಗಾಲದ ಒಲಿಂಪಿಕ್ಸ್. ಹತ್ತು ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ನಾರ್ವೆಯ ಬ್ಯೋರ್ನ್ ಡೇಲಿ ಚಿನ್ನ ಗೆದ್ದಿದ್ದರು. ಪದಕ ಕೊಡುವ ಹೊತ್ತಾದರೂ ಅವರು ಮುಕ್ತಾಯದ ಗೆರೆ ಬಿಟ್ಟು ಕದಲಲಿಲ್ಲ. ಇನ್ನೊಬ್ಬರು ಬರುವುದು ಬಾಕಿ ಇತ್ತು. ಕೊನೆಗೂ ಕೀನ್ಯಾದ ಫಿಲಿಪ್ ಬೋಯಿಟ್ ಏದುಸಿರು ಬಿಡುತ್ತಾ ಬಂದರು. ಡೇಲಿ ಅವರನ್ನು ಬಾಚಿ ತಬ್ಬಿಕೊಂಡರು. ಇಬ್ಬರ ನಡುವಿನ ಅಂತರ ಸುಮಾರು 20 ನಿಮಿಷ. ಬೋಯಿಟ್ ಆಮೇಲೆ ತಮ್ಮ ಮಗನಿಗೆ ಡೇಲಿ ಅಂತಲೇ ಹೆಸರಿಟ್ಟರು.

ಬೋಯಿಟ್ ಸಾಮಾನ್ಯ ಆಸಾಮಿಯೇನಲ್ಲ. ಓಟಗಾರರ ಸಮುದಾಯ ಅಂತಲೇ ಹೆಸರಾದ ಕಲೆಂಜಿನ್ ಜನಾಂಗದವರು. ಅವರ ಮನೆತನದ ಮೈಕ್ ಬೋಯಿಟ್ 1972ರ ಒಲಿಂಪಿಕ್ಸ್‌ನ 800 ಮೀಟರ್ ಓಟದಲ್ಲಿ ಕಂಚು ಗೆದ್ದವರು. ಶ್ವಾಸಕೋಶ, ಹೃದಯ, ಕಾಲು ಎಲ್ಲವೂ ಗಟ್ಟಿ. ಆದರೆ ಅವರು ಹಿಮವನ್ನು ಕಣ್ಣಾರೆ ನೋಡಿದ್ದೇ ನಗಾನೊಗೆ ಎರಡು ವರ್ಷ ಮುಂಚೆ.

ಇದನ್ನು ಕೇಳಿದವರು ತಟ್ಟನೆ ಹೇಳುವುದು ಒಂದೇ. ಹಿಮ ಬೀಳುವ ದೇಶದವರು ಹಿಮದ ಆಟ ಗೆಲ್ಲುತ್ತಾರೆ, ಅದರಲ್ಲೇನು ವಿಶೇಷ? ಲೆಕ್ಕವೂ ಹಾಗೇ ಕಾಣುತ್ತದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ 91 ದೇಶಗಳು ಬಂದಿದ್ದವು, ಪದಕ ಸಿಕ್ಕಿದ್ದು 29ಕ್ಕೆ ಮಾತ್ರ. 2024ರ ಪ್ಯಾರಿಸ್ ಬೇಸಿಗೆ ಒಲಿಂಪಿಕ್ಸ್‌ನಲ್ಲಿ 90ಕ್ಕೂ ಜಾಸ್ತಿ ದೇಶಗಳು ಪದಕ ಗೆದ್ದವು. ಓಡುವುದಕ್ಕೆ ಒಂದು ಜೊತೆ ಶೂ ಇದ್ದರೆ ಸಾಕು, ಅದೂ ಇಲ್ಲದೆ ಓಡಿದವರಿದ್ದಾರೆ. ಸ್ಕೀ ಮಾಡಲು ಬೆಟ್ಟ, ಹಿಮ, ದುಡ್ಡು ಮೂರೂ ಬೇಕು.

ಆದರೆ ಈ ವಾದಕ್ಕೆ ನಾರ್ವೆಯೇ ಅಡ್ಡ ಬರುತ್ತದೆ. ಜನಸಂಖ್ಯೆ ಸುಮಾರು 55 ಲಕ್ಷ. ಬೀಜಿಂಗ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನ ಪಡೆದ ದೇಶ. ಇದೇ ನಾರ್ವೆ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಎಷ್ಟು ಚಿನ್ನ ಗೆದ್ದಿತ್ತು ಗೊತ್ತಾ? ಒಂದೂ ಇಲ್ಲ. ಆಗಲೂ ಅಲ್ಲಿ ಹಿಮಕ್ಕೇನೂ ಬರಗಾಲ ಇರಲಿಲ್ಲ. ಮಕ್ಕಳು ಆಗಲೂ ನಡೆಯಲು ಕಲಿಯುತ್ತಿದ್ದಂತೆಯೇ ಸ್ಕೀ ಹತ್ತುತ್ತಿದ್ದರು. ಆರು ವರ್ಷ ಕಳೆದು, 1994ರಲ್ಲಿ, ತಮ್ಮದೇ ಲಿಲ್ಲೆಹಮ್ಮರ್‌ನಲ್ಲಿ ಹತ್ತು ಚಿನ್ನ ಗೆದ್ದರು. ನಡುವೆ ಬದಲಾಗಿದ್ದು ಹವಾಮಾನ ಅಲ್ಲ, ವ್ಯವಸ್ಥೆ. ಒಲಿಂಪಿಯಾಟೊಪ್ಪೆನ್ ಅನ್ನುವ ಸಂಸ್ಥೆ ಬೇರೆ ಬೇರೆ ಆಟಗಳ ತರಬೇತುದಾರರನ್ನು, ವೈದ್ಯರನ್ನು, ಶರೀರ ವಿಜ್ಞಾನಿಗಳನ್ನು ಒಂದೆಡೆ ಕೂರಿಸಿತು. ಸ್ಕೀಯಿಂಗ್‌ನವರು ಕಂಡುಕೊಂಡದ್ದು ದೋಣಿ ಹುಟ್ಟು ಹಾಕುವವರಿಗೂ ತಿಳಿಯತೊಡಗಿತು.

ನನಗೆ ಇನ್ನೂ ಮಜಾ ಅನಿಸುವುದು ನೆದರ್ಲೆಂಡ್ಸ್ ಕತೆ. ಚಪ್ಪಟೆ ದೇಶ. ಬೆಟ್ಟ ಅಂತ ಅವರು ಕರೆಯುವುದು 322 ಮೀಟರ್ ಎತ್ತರದ ಒಂದು ದಿಬ್ಬವನ್ನು. ಸ್ಕೀಯಿಂಗ್ ಮಾತೇ ಎತ್ತುವಂತಿಲ್ಲ. ಇದ್ದದ್ದು ಕಾಲುವೆಗಳು. ಚಳಿಗಾಲದಲ್ಲಿ ಅವು ಹೆಪ್ಪುಗಟ್ಟಿದಾಗ ಜನ ಸ್ಕೇಟ್ ಕಟ್ಟಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದರು. ಫ್ರೀಸ್‌ಲ್ಯಾಂಡ್ ಪ್ರಾಂತದ ಹನ್ನೊಂದು ಪಟ್ಟಣಗಳನ್ನು ಹಾದು ಹೋಗುವ ಸುಮಾರು 200 ಕಿಲೋಮೀಟರ್ ಸ್ಕೇಟಿಂಗ್ ಓಟ 1909ರಲ್ಲಿ ಶುರುವಾಯಿತು. ಅದನ್ನು ನಡೆಸಲು ಕಾಲುವೆ ಮೇಲೆ 15 ಸೆಂಟಿಮೀಟರ್ ದಪ್ಪ ಮಂಜುಗಡ್ಡೆ ಬೇಕು. ಅಷ್ಟು ದಪ್ಪ ಕಟ್ಟಿ ಈ ಓಟ ನಡೆದಿದ್ದು ಇಲ್ಲಿಯವರೆಗೆ 15 ಸಲ ಮಾತ್ರ. ಕೊನೆಯದು 1997ರಲ್ಲಿ.

ಅಂದರೆ ಕಾಲುವೆ ಈಗ ಕೈಕೊಟ್ಟಿದೆ. ಪದಕ ಕೈಕೊಟ್ಟಿಲ್ಲ. 2014ರ ಸೋಚಿಯಲ್ಲಿ ಉದ್ದ ಹಾದಿಯ ಸ್ಪೀಡ್ ಸ್ಕೇಟಿಂಗ್‌ನ 36 ಪದಕಗಳಲ್ಲಿ 23 ಡಚ್ಚರ ಪಾಲಾದವು. ನಾಲ್ಕು ಸ್ಪರ್ಧೆಗಳಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಅವರದೇ. ಇದು ಹೇಗಾಯಿತು ಅಂದರೆ, ನಿಸರ್ಗ ಕೊಡುತ್ತಿದ್ದ ಮಂಜುಗಡ್ಡೆಯನ್ನು ಅವರು ಯಂತ್ರದಿಂದ ಮಾಡಿಕೊಂಡರು. ಫ್ರೀಸ್‌ಲ್ಯಾಂಡಿನ ಹೀರೆನ್‌ವೇನ್ ಊರಿನ ಥಿಯಾಲ್ಫ್ ಅಂಗಳಕ್ಕೆ 1986ರಲ್ಲಿ ಚಾವಣಿಯೂ ಬಂತು. ಹೊರಗೆ ಮಳೆ ಬರಲಿ, ಬಿಸಿಲಿರಲಿ, ಒಳಗೆ 400 ಮೀಟರ್ ಮಂಜುಗಡ್ಡೆ ಸಿದ್ಧ.

ಸ್ಕೇಟನ್ನೂ ಅವರು ಬಿಡಲಿಲ್ಲ. ಹಳೆಯ ಸ್ಕೇಟ್‌ನಲ್ಲಿ ಶೂ ಮತ್ತು ಅಲಗು ಮುಂದೆ ಹಿಂದೆ ಎರಡೂ ಕಡೆ ಬಿಗಿಯಾಗಿ ಸೇರಿರುತ್ತಿದ್ದವು. ನೆಲದ ಮೇಲೆ ಜಿಗಿಯುವಾಗ ನಾವು ಕೊನೆಗೆ ಹಿಮ್ಮಡಿ ಎತ್ತಿ ಪಾದದ ತುದಿಯಿಂದ ತಳ್ಳುತ್ತೇವೆ, ಅಲ್ವಾ? ಬಿಗಿ ಸ್ಕೇಟ್‌ನಲ್ಲಿ ಹಾಗೆ ಮಾಡಿದರೆ ಅಲಗಿನ ಮೂತಿ ಮಂಜುಗಡ್ಡೆಯಲ್ಲಿ ನಾಟಿಕೊಳ್ಳುತ್ತದೆ, ವೇಗ ಸಾಯುತ್ತದೆ. ಹಾಗಾಗಿ ಸ್ಕೇಟರ್‌ಗಳು ಮೀನಖಂಡದ ಶಕ್ತಿಯನ್ನು ಬಳಸದೆ ಸುಮ್ನೆ ಬಿಟ್ಟುಬಿಡುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳು ಪಾದದ ಮುಂಭಾಗದ ಕೆಳಗೆ ಒಂದು ಕೀಲು ಕೂರಿಸಿದರು. ಬಾಗಿಲಿಗೆ ಹಾಕುವಂಥದ್ದೇ. ಹಿಮ್ಮಡಿ ಮೇಲೆದ್ದರೂ ಅಲಗು ಮಂಜುಗಡ್ಡೆಗೆ ಅಂಟಿಕೊಂಡೇ ಇರುತ್ತದೆ, ತಳ್ಳಾಟ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತದೆ. ಆಮೇಲೆ ಸ್ಪ್ರಿಂಗ್ ಎಳೆದು ಅಲಗು ಟಪ್ ಅಂತ ಶೂಗೆ ಬಂದು ಬಡಿಯುತ್ತದೆ. ಆ ಸದ್ದಿನಿಂದಲೇ ಅದಕ್ಕೆ ಕ್ಲಾಪ್ ಸ್ಕೇಟ್ ಅಂತ ಹೆಸರು. ಮೊದಲು ನಕ್ಕವರು ಜಾಸ್ತಿ. 1997ರ ಸುಮಾರಿಗೆ ಡಚ್ ಹೆಂಗಸರು ಇದನ್ನು ಕಟ್ಟಿಕೊಂಡು ಗೆಲ್ಲತೊಡಗಿದ ಮೇಲೆ ನಗು ನಿಂತಿತು. ನಗಾನೊ ಹೊತ್ತಿಗೆ ಎಲ್ಲರ ಕಾಲಲ್ಲೂ ಅದೇ.

ಜರ್ಮನಿಯ ಗುಟ್ಟು ಇಷ್ಟು ಸೂಕ್ಷ್ಮವಾಗಿಲ್ಲ. ಬೀಜಿಂಗ್‌ನಲ್ಲಿ ಅದು ಗೆದ್ದ 12 ಚಿನ್ನಗಳಲ್ಲಿ ಒಂಬತ್ತು ಜಾರುಬಂಡಿ ಆಟಗಳದ್ದು. ಅಂದರೆ ಲೂಜ್, ಸ್ಕೆಲೆಟನ್, ಬಾಬ್‌ಸ್ಲೆ. ಈ ಆಟಗಳಿಗೆ ಬೇಕಾದ, ಮಂಜುಗಡ್ಡೆ ಹೊದಿಸಿದ ತಿರುವು ಹಾದಿ ಕಟ್ಟುವುದು ಭಾರೀ ಖರ್ಚಿನ ಕೆಲಸ. ಒಲಿಂಪಿಕ್ಸ್ ಮಟ್ಟದ ಹಾದಿಗಳು ಜಗತ್ತಿನಲ್ಲಿ ಇಪ್ಪತ್ತೂ ಸಿಗುವುದಿಲ್ಲ. ಜರ್ಮನಿ ಒಂದೇ ನಾಲ್ಕು ಕಟ್ಟಿಕೊಂಡಿದೆ. ಹತ್ತಿರದ ಊರಿನ ಮಕ್ಕಳು ಸಂಜೆ ಹೋಗಿ ಜಾರಿ ಬರುತ್ತಾರೆ. ಬೇರೆ ದೇಶದವರು ವಿಮಾನ ಹತ್ತಬೇಕು.

ಹಾಗಾದರೆ ಹಾದಿ ಇಲ್ಲದವರ ಗತಿ? ಬ್ರಿಟನ್ ನೋಡಿ. ಅಲ್ಲಿ ಅಂಥ ಹಾದಿ ಒಂದೂ ಇಲ್ಲ. ಆದರೂ 2002ರಿಂದ 2018ರವರೆಗೆ ಪ್ರತಿ ಚಳಿಗಾಲದ ಒಲಿಂಪಿಕ್ಸ್‌ನಲ್ಲೂ ಹೆಂಗಸರ ಸ್ಕೆಲೆಟನ್‌ನಲ್ಲಿ ಪದಕ ಬಂತು, ಮೂರು ಸಲ ಚಿನ್ನ. ಸ್ಕೆಲೆಟನ್ ಅಂದರೆ ಬಂಡಿ ತಳ್ಳುತ್ತಾ ಓಡಿ, ಅದರ ಮೇಲೆ ಬೋರಲು ಬಿದ್ದು, ತಲೆ ಮುಂದಾಗಿ ಜಾರುವುದು. ಮೊದಲ ಕೆಲವು ಸೆಕೆಂಡಿನ ಓಟದ ವೇಗ ಕೊನೆಯವರೆಗೂ ಲೆಕ್ಕಕ್ಕೆ ಬರುತ್ತದೆ. ಆ ಓಟ ಕಲಿಯಲು ಮಂಜುಗಡ್ಡೆ ಯಾಕೆ ಬೇಕು? ಬಾತ್ ವಿಶ್ವವಿದ್ಯಾಲಯದಲ್ಲಿ ಹಳಿ ಹಾಕಿ, ಗಾಲಿಯ ಬಂಡಿ ಇಟ್ಟು, ಓಟಗಾರ್ತಿಯರನ್ನು ಕರೆದು ತಳ್ಳಿಸಿದರು. 2010ರಲ್ಲಿ ಚಿನ್ನ ಗೆದ್ದ ಏಮಿ ವಿಲಿಯಮ್ಸ್ ಮೊದಲು 400 ಮೀಟರ್ ಓಡುತ್ತಿದ್ದವರು. ಆಮೇಲೆ ಎರಡು ಚಿನ್ನ ಗೆದ್ದ ಲಿಜ್ಜಿ ಯಾರ್ನಲ್ಡ್ ಕೂಡ ಅಥ್ಲೆಟಿಕ್ಸ್‌ನಿಂದಲೇ ಬಂದವರು. ದೊಡ್ಡ ಹಾದಿಯಲ್ಲಿ ಜಾರಲು ಮಾತ್ರ ಅವರು ಹೊರದೇಶಕ್ಕೆ ಹೋಗಬೇಕಿತ್ತು.

ಬೇಸಿಗೆ ಆಟಗಳಲ್ಲೂ ಹೀಗೇ. ಕೀನ್ಯಾದ ಇಟೆನ್ ಊರು ಸುಮಾರು 2400 ಮೀಟರ್ ಎತ್ತರದಲ್ಲಿದೆ. ಒಂದೊಂದು ಉಸಿರಿಗೂ ಸಮುದ್ರ ಮಟ್ಟದ ಮುಕ್ಕಾಲು ಪಾಲಿನಷ್ಟೇ ಆಮ್ಲಜನಕ. ಅದನ್ನು ಸರಿದೂಗಿಸಲು ದೇಹ ಕೆಂಪು ರಕ್ತಕಣ ಹೆಚ್ಚು ಮಾಡಿಕೊಳ್ಳುತ್ತದೆ. ಸರಿ, ಆದರೆ ಬೊಲಿವಿಯಾದ ಎಷ್ಟೋ ಊರುಗಳು ಇನ್ನೂ ಎತ್ತರದಲ್ಲಿವೆ. ಅಲ್ಲಿಂದ ಮ್ಯಾರಥಾನ್ ಚಾಂಪಿಯನ್ನರ ಸಾಲು ಬರಲಿಲ್ಲ. ಇಟೆನ್‌ನಲ್ಲಿ ಎತ್ತರದ ಜೊತೆ ಇರುವುದು ಮುಂಜಾನೆ ಗುಂಪಾಗಿ ಓಡುವ ನೂರಾರು ಜನ. ಹುಡುಗನೊಬ್ಬ ಓಡಲು ಶುರು ಮಾಡಿದ ದಿನವೇ ಅವನ ಪಕ್ಕದಲ್ಲಿ ವಿಶ್ವ ಚಾಂಪಿಯನ್ ಓಡುತ್ತಿರಬಹುದು. ಜಮೈಕಾದಲ್ಲಿ ಈ ಕೆಲಸವನ್ನು ಶಾಲೆಗಳು ಮಾಡುತ್ತವೆ. ಅಲ್ಲಿ ಚಾಂಪ್ಸ್ ಅಂತ ಕರೆಯುವ ಶಾಲಾ ಅಥ್ಲೆಟಿಕ್ಸ್ ಕೂಟ 1910ರಿಂದ ನಡೆಯುತ್ತಿದೆ.

ಈಚೆಗೆ ನಾರ್ವೆಯವರು ಬೇಸಿಗೆ ಆಟಗಳಿಗೂ ಕೈ ಹಾಕಿದ್ದಾರೆ. 1500 ಮೀಟರ್ ಓಟದ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ ಅಭ್ಯಾಸದ ನಡುವೆ ನಿಂತು ರಕ್ತದ ಹನಿ ಕೊಡುತ್ತಾರೆ. ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಅನ್ನುವ ವಸ್ತುವಿನ ಪ್ರಮಾಣ ನೋಡಿ ವೇಗ ಏರಿಸುವುದೋ ಇಳಿಸುವುದೋ ಅಂತ ತೀರ್ಮಾನ. ದೇಹ ದಣಿದು ಕೂರುವ ಗೆರೆಗಿಂತ ಒಂದು ಚೂರು ಕೆಳಗೇ ಬಹಳ ಹೊತ್ತು ಓಡುವುದು ಇದರ ಸೂತ್ರ. ಟೋಕಿಯೊದಲ್ಲಿ ಅವರಿಗೆ ಚಿನ್ನವೂ ಸಿಕ್ಕಿತು. ಗೆಲ್ಲಲು ಇಷ್ಟು ಲೆಕ್ಕ ಹಾಕುವ ಇದೇ ದೇಶದಲ್ಲಿ, ಚಿಕ್ಕ ಮಕ್ಕಳ ಸ್ಪರ್ಧೆಗಳಲ್ಲಿ ಯಾರು ಎಷ್ಟನೆಯವರು ಅಂತ ಪಟ್ಟಿ ಹಾಕುವಂತಿಲ್ಲ. ಹನ್ನೊಂದು ತುಂಬುವ ವರ್ಷದವರೆಗೆ ಆಟ ಬರೀ ಆಟ.

ಈಗ ಅವರ ಹಿಮವೂ ಮೊದಲಿನಂತಿಲ್ಲ. 2020ರಲ್ಲಿ ಓಸ್ಲೊ ಪಕ್ಕದ ಲೋರೆನ್‌ಸ್ಕೂಗ್‌ನಲ್ಲಿ ದೊಡ್ಡದೊಂದು ಕಟ್ಟಡ ಬಾಗಿಲು ತೆರೆಯಿತು. ಒಳಗೆ ವರ್ಷವಿಡೀ ಹಿಮ, ಇಳಿಜಾರು, ಕ್ರಾಸ್ ಕಂಟ್ರಿ ಹಾದಿ. ಡಚ್ಚರು ಕಾಲುವೆಯಿಂದ ಚಾವಣಿ ಕೆಳಗೆ ಬಂದ ಹಾಗೆ ಡೇಲಿಯ ದೇಶದ ಮಕ್ಕಳೂ ಜುಲೈ ತಿಂಗಳಲ್ಲಿ ಸ್ಕೀ ಹೊತ್ತುಕೊಂಡು ಬಾಗಿಲು ತಳ್ಳಿ ಒಳಗೆ ಹೋಗುತ್ತಾರೆ.