ಹುತ್ತದಂಥ ಮನೆಗೆ ಎ.ಸಿ. ಬೇಡವೇ?

ಪ್ರಶ್ನೆ: ಗೆದ್ದಲಿನ ಹುತ್ತದ ಮಾದರಿಯಲ್ಲಿ ಮನೆ ಕಟ್ಟಿಸಿದರೆ ಎ.ಸಿ. ಬೇಕಾಗುವುದಿಲ್ಲವಂತೆ. ನಿಜವೇ?

ಬೇಸಿಗೆ ಬಂದರೆ ಈ ಪ್ರಶ್ನೆಯೂ ಬರುತ್ತದೆ, ಜೊತೆಗೆ ಜಿಂಬಾಬ್ವೆಯ ಹರಾರೆಯಲ್ಲಿರುವ ಈಸ್ಟ್‌ಗೇಟ್ ಕಟ್ಟಡದ ಅದೇ ಫೋಟೊ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ವಿನ್ಯಾಸದ ಆ ಕಟ್ಟಡ ಮುಗಿದದ್ದು 1996ರಲ್ಲಿ. ಮಾಮೂಲಿ ಎ.ಸಿ. ಇಲ್ಲದೆ ಅದು ತಂಪಾಗಿರುವುದು ನಿಜ. ಹುತ್ತದಂತೆ ಕಟ್ಟಿದ್ದರಿಂದ ತಂಪು ಎಂದು ಎಲ್ಲರೂ ಕೊಡುವ ಕಾರಣ ಮಾತ್ರ ತಪ್ಪು. ಎಷ್ಟು ಸಲ ಹೇಳಿದರೂ ಸಾಯದ ಕಥೆ ಇದು, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಹುತ್ತದ ಬುಡದಿಂದ ತಣ್ಣನೆಯ ಗಾಳಿ ಒಳಹೋಗುತ್ತದೆ, ತುದಿಯಿಂದ ಬಿಸಿ ಗಾಳಿ ಹೊರಬೀಳುತ್ತದೆ, ಒಳಗೆ ವರ್ಷವಿಡೀ ಒಂದೇ ಉಷ್ಣತೆ ಎನ್ನುತ್ತಾರೆ. ಹೊಲದ ಬದುವಿನಲ್ಲಿರುವ ಹುತ್ತದ ಮುಂದೆ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಗೆದ್ದಲು ವಾಸವಿರುವ ನಮ್ಮ ಕಡೆಯ ಎಷ್ಟೋ ಹುತ್ತಗಳಿಗೆ ಬುಡದಲ್ಲೂ ಬಾಯಿಲ್ಲ, ತುದಿಯಲ್ಲೂ ಬಾಯಿಲ್ಲ. ಗಾಳಿ ಆಡುವುದು ಗೋಡೆಯ ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಲ್ಲಿ. ನಮೀಬಿಯಾದ ಹುತ್ತಗಳನ್ನು ಅಧ್ಯಯನ ಮಾಡಿದ ಸ್ಕಾಟ್ ಟರ್ನರ್ ಅವರ ಅಳತೆಗಳ ಪ್ರಕಾರ ಗೂಡಿನ ಉಷ್ಣತೆ ಸುತ್ತಲಿನ ನೆಲದ ಉಷ್ಣತೆಯ ಜೊತೆಗೇ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ನಮ್ಮ ಬೆಂಗಳೂರಿನ ಹುತ್ತಗಳಲ್ಲೇ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಹಗಲಿನಲ್ಲಿ ಹುತ್ತದ ಹೊರಮಡಿಕೆಗಳು ಬೇಗ ಕಾಯುತ್ತವೆ. ಅಲ್ಲಿನ ಗಾಳಿ ಮೇಲೇರಿ ನಡುವಿನ ಪೊಳ್ಳಿನಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮಡಿಕೆ ಮೊದಲು ತಣ್ಣಗಾಗುವುದರಿಂದ ದಿಕ್ಕು ತಿರುಗುಮುರುಗಾಗುತ್ತದೆ. ಗೆದ್ದಲುಗಳೂ ಅವು ಸಾಕುವ ಅಣಬೆಯೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವುದು ಹೀಗೆ. ಹುತ್ತ ಮಾಡುವುದು ಶ್ವಾಸಕೋಶದ ಕೆಲಸ.

ಈಸ್ಟ್‌ಗೇಟ್‌ನಲ್ಲಿ ದುಡಿಯುವುದು ಫ್ಯಾನುಗಳು. ಹರಾರೆ ಸುಮಾರು 1,500 ಮೀಟರ್ ಎತ್ತರದ ಊರು, ರಾತ್ರಿ ತಂಪು. ಆ ಗಾಳಿಯನ್ನು ಫ್ಯಾನುಗಳು ರಾತ್ರಿಯಿಡೀ ಕಾಂಕ್ರೀಟಿನ ಒಡಲೊಳಗೆ ಹಾಯಿಸುತ್ತವೆ. ತಣಿದ ಕಾಂಕ್ರೀಟು ಹಗಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಮೈಸೂರಿನಲ್ಲಿ ದಪ್ಪ ಗೋಡೆಯ ಮನೆಯಿದ್ದರೆ ರಾತ್ರಿ ಕಿಟಕಿ ತೆರೆದು, ಬಿಸಿಲೇರುವ ಮುನ್ನ ಮುಚ್ಚಿ; ಇದೇ ತತ್ವ. ಮಂಗಳೂರಿನಲ್ಲಿ ಇದು ನಡೆಯದು. ರಾತ್ರಿಯೂ ಸೆಕೆ, ಗೋಡೆ ತಣಿಯುವುದೇ ಇಲ್ಲ. ಅಲ್ಲಿ ನೆರಳು ಬೇಕು, ಗಾಳಿ ಅಡ್ಡಹಾಯಬೇಕು.

ಹುತ್ತಕ್ಕೆ ಬಾಯಿಲ್ಲದಿದ್ದರೆ ಹಾವು ನುಗ್ಗುವ ತೂತು ಎಲ್ಲಿಂದ ಬಂತು? ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಅದು ಬಹುಮಟ್ಟಿಗೆ ಗೆದ್ದಲು ಬಿಟ್ಟುಹೋದ ಹುತ್ತ. ಮುಚ್ಚುವವರಿಲ್ಲದೆ ತೂತು ತೂತಾಗಿಯೇ ಉಳಿದಿರುತ್ತದೆ. ಗೆದ್ದಲಿರುವ ಹುತ್ತದಿಂದ ಒಂದು ಚೂರು ಉದುರಿತೆನ್ನಿ. ಮೊದಲು ಕಾವಲಿನ ಗೆದ್ದಲುಗಳು ತಲೆ ಹಾಕುತ್ತವೆ. ಹಿಂದೆಯೇ ಕೆಲಸದವು ಜೊಲ್ಲಿನಲ್ಲಿ ಕಲಸಿದ ಮಣ್ಣಿನ ಉಂಡೆಗಳನ್ನು ತಂದು ಅಂಚಿಗೆ ಒಂದೊಂದಾಗಿ ಒತ್ತುತ್ತವೆ. ತನಗೆ ತಾನೇ ತೇಪೆ ಹಾಕಿಕೊಳ್ಳುವ ಇಂಥ ಗೋಡೆಯನ್ನು ಮನುಷ್ಯ ಕಟ್ಟುವುದು ಹೇಗೆ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ.